ಶೆಮೆದೌನ್‌ಗೆ ಬೇಕಾಗಿದ್ದ ಸಹಿ

ಮೂರು ವರ್ಷಗಳ ಹಿಂದೆ ನಾನು ಸಿಡ್ನಿಯ ಪ್ಯಾರಮಟ್ಟಾದ ನಿಘಂಟು ಕಚೇರಿಯೊಂದರಲ್ಲಿ ಸಂಪಾದಕಿಯಾಗಿದ್ದೆ. ಆಗ ಕೈಯಲ್ಲಿದ್ದ ಭಾಷೆ ಪ್ಲಾಟ್‌ಡೀಚ್. ಪೋಲೆಂಡ್ ಕಡೆಯಿಂದ ಉಕ್ರೇನಿಗೆ ಹೋಗಿ, ಅಲ್ಲಿಂದ ಹಲವು ದೇಶಗಳಿಗೆ ಚದುರಿದ ಮೆನೊನೈಟ್ ಕ್ರೈಸ್ತರ ಮನೆಮಾತು ಅದು. ನಮ್ಮ ನಿಘಂಟಿನ ಧ್ವನಿಯೆಲ್ಲ ಒಬ್ಬರದೇ. ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಒಂಟಿಯಾಗಿದ್ದ, ತೊಂಬತ್ತರ ಹತ್ತಿರದ ಆನಾ ಅವರದು.

ಪ್ರಿಂಟಿಗೆ ಹೋಗುವ ಹಿಂದಿನ ದಿನ ಅವರ ಇಮೇಲ್ ಬಂತು. ಸೂಟ್‌ಕೇಸಿಗೆ ಅವರು ಹೇಳುವ ‘ಶೆಮೆದೌನ್’ ಪದ ರಷ್ಯನ್‌ನಿಂದ ಬಂದದ್ದು ಎಂದು ನಾನು ಕಳಿಸಿದ ಪ್ರೂಫಿನಲ್ಲಿತ್ತು. ಅದನ್ನು ತೆಗೆಯದಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ, ಎರಡು ವರ್ಷದ ರೆಕಾರ್ಡಿಂಗ್ ಅಷ್ಟನ್ನೂ ವಾಪಸ್ ಪಡೆಯುತ್ತೇನೆ ಎಂದು ಬರೆದಿದ್ದರು. ನನಗೆ ಸಿಟ್ಟೇ ಬಂತು. ಮರುದಿನ ಬೆಳಗ್ಗೆ ವಿಮಾನ ಹತ್ತಿದೆ.

ಏರ್‌ಪೋರ್ಟಿನಲ್ಲಿದ್ದಾಗ ನಮ್ಮ ಕಚೇರಿಯ ಸಹೋದ್ಯೋಗಿ, ಬೆಳಗಾವಿ ಕಡೆಯ ಶ್ರೀಕಾಂತ್ ಫೋನ್ ಮಾಡಿ ಉಪಾಯ ಹೇಳಿದ. ರಷ್ಯನ್ನರಿಗೂ ಆ ಪದ ಸಿಕ್ಕಿದ್ದು ಪರ್ಷಿಯನ್ ಮೂಲದಿಂದ. ಜಾಮಾ ಎಂದರೆ ಬಟ್ಟೆ, ನಮ್ಮ ಪೈಜಾಮದಲ್ಲಿರುವುದು. ದಾನ್ ಎಂದರೆ ಏನನ್ನಾದರೂ ಇಡುವ ಸಾಧನ, ನಮ್ಮ ಹೂದಾನಿಯಲ್ಲಿರುವುದು.

“ಪರ್ಷಿಯನ್ ಅಂತಷ್ಟ ಬರೀರಿ ಮೇಡಂ. ಸುಳ್ಳಂತೂ ಅಲ್ಲಲ್ರಿ,” ಎಂದ.

ಹಾವೂ ಸಾಯದ, ಕೋಲೂ ಮುರಿಯದ ದಾರಿ. ನನಗೂ ಆಸೆಯಾಯಿತು.

ಮಧ್ಯಾಹ್ನ ಕ್ರಾನ್‌ಬರ್ನ್‌ನ ಮನೆಯಲ್ಲಿ ಆನಾ ಚಹಾ ಕೊಟ್ಟು ಕಾರಣ ಹೇಳಿದರು. ಅವರು ನಾಲ್ಕು ವರ್ಷದವರಿದ್ದಾಗ ಉಕ್ರೇನಿನ ಮನೆಗೆ ರಷ್ಯನ್ ಮಾತಾಡುವ ಪೊಲೀಸರು ಬಂದು, ಸೂಟ್‌ಕೇಸ್ ಕಟ್ಟಿಕೊಂಡು ಹೊರಡು ಎಂದು ಅಪ್ಪನಿಗೆ ಹೇಳಿದ್ದರು. ಅಪ್ಪ ಮರಳಲಿಲ್ಲ. ನನ್ನ ಸಿಟ್ಟು ಜರ್ರನೆ ಇಳಿಯಿತು. ಪರ್ಷಿಯನ್ ಕಥೆ ಹೇಳಿದೆ. ಅವರ ಮುಖ ಅರಳಿತು. ಆಮೇಲೆ ಕೇಳಿದರು:

“ಪರ್ಷಿಯಾದಿಂದ ನಮ್ಮ ಮನೆಗೆ ಅದನ್ನು ತಂದವರು ಯಾರು?”

ಆಗ ಗಂಟೆ ಎರಡು. ಮೂರಕ್ಕೆ ಫೈಲ್ ಪ್ರಿಂಟಿಗೆ ಹೋಗಬೇಕು.

“ರಷ್ಯನ್ನರೇ, ಆನಾ,” ಎಂದೆ.

ಅವರು ಚಹಾದ ಕಪ್ ಕೆಳಗಿಟ್ಟರು. ಸಹಿ ಕೈತಪ್ಪಿತೆಂದುಕೊಂಡು ನಾನು ಲ್ಯಾಪ್‌ಟಾಪ್ ಮುಚ್ಚಿದೆ.

“ಆ ಪೊಲೀಸರು ಬರುವ ಮುಂಚೆಯೂ ಅಮ್ಮ ಅದನ್ನು ಶೆಮೆದೌನ್ ಅಂತಲೇ ಕರೆಯುತ್ತಿದ್ದಳು,” ಎಂದರು ಆನಾ. “ನೀನು ಬರೆದದ್ದು ಹಾಗೇ ಇರಲಿ. ಉದಾಹರಣೆ ವಾಕ್ಯ ಮಾತ್ರ ನನ್ನದು. ಬರೆದುಕೊ: ಅಮ್ಮ ಅಪ್ಪನ ಶೆಮೆದೌನ್‌ನಲ್ಲಿ ಎರಡು ಅಂಗಿ ಇಟ್ಟಳು.”

ಬರೆದುಕೊಂಡೆ. ಅವರು ಸಹಿ ಹಾಕಿದರು. ಫೈಲ್ ಹೊತ್ತಿಗೆ ಸರಿಯಾಗಿ ಹೋಯಿತು.

ಪದದ ಮೂಲವನ್ನು ಯಾರ ಮುಲಾಜಿಗೂ ತಿರುಚಬಾರದೆಂದು ಓದುವಾಗಲೇ ಕಲಿತಿದ್ದೆ. ಅದನ್ನು ಆ ಮಾತಿನವರಿಗೆ ಎದುರು ಕೂತು ಹೇಳಬೇಕೆಂದು ಕಲಿಸಿದ್ದು ಈ ಕೆಲಸ. ರಷ್ಯನ್‌ನಿಂದ ಬಂದದ್ದೆಂಬ ಆ ಒಂದು ಸಾಲನ್ನು ಆನಾ ಖಾಲಿ ಮನೆಯಲ್ಲಿ, ಕಂಪ್ಯೂಟರಿನ ಮುಂದೆ ಒಬ್ಬರೇ ಕೂತು ಓದಿದ್ದರು. ಈಗ ಯಾರಿಗೇ ಪ್ರೂಫ್ ಕಳಿಸುವ ಮೊದಲು ಫೋನ್ ಮಾಡಿ, ಜೊತೆಗೆ ಯಾರಾದರೂ ಇದ್ದಾರೆಯೇ ಎಂದು ಕೇಳುತ್ತೇನೆ.