ಬೇಡಿ ತಂದ ಅರಿವೆ

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಮುಚ್ಚಳ ಬಿಗಿ, ಎಲ್ಲಿಯೂ ತಗ್ಗು ಬಿದ್ದಿಲ್ಲ. ಅದರಲ್ಲಿ ಜೋಳದ ಹಿಟ್ಟು ಇರುತ್ತದೆ. ರೊಟ್ಟಿ ಮಾಡಲು ಕೂರುವಾಗಲೆಲ್ಲ ಅವ್ವ ಅದರ ಮುಚ್ಚಳ ತೆಗೆಯುತ್ತಾಳೆ. ಆ ಡಬ್ಬಿಯನ್ನು ಮನೆಗೆ ತಂದವನು ನಾನು. ಅದು ಹೇಗೆ ಬಂತು ಎಂಬುದನ್ನು ಹೇಳಬೇಕಾದವಳಿಗೆ ನಾಲ್ಕು ವರ್ಷವಾದರೂ ಹೇಳಿಲ್ಲ.

ವಿಜಯಪುರದ ಒಂದು ಪತ್ರಿಕೆಯಲ್ಲಿ ನಾನು ಸುದ್ದಿ ತಿದ್ದುವ ಕೆಲಸ ಮಾಡುತ್ತೇನೆ. ಊರುಗಳಿಂದ ಬಂದ ವರದಿ ಓದುವುದು, ಸಂಶಯ ಬಂದರೆ ಬರೆದವನಿಗೇ ಫೋನ್ ಮಾಡಿ ಕೇಳುವುದು, ಕೇಳದೆ ಏನನ್ನೂ ಅಚ್ಚಿಗೆ ಬಿಡದಿರುವುದು. ಹೊಸ ಹುಡುಗರಿಗೆ ನಾನು ಮೊದಲು ಕಲಿಸುವುದೂ ಅದನ್ನೇ.

ಅಪ್ಪ ತೀರಿಕೊಂಡ ಮೇಲೆ ಅವ್ವ ಬಬಲೇಶ್ವರದ ಮನೆ ಬಾಡಿಗೆಗೆ ಕೊಟ್ಟು ನಮ್ಮ ಜೊತೆ ಇರಲು ಬಂದಳು. ಬರುವಾಗ ರೊಟ್ಟಿ ಹಂಚು, ಒಂದು ಟ್ರಂಕು ಮತ್ತು ಸೂಜಿ ದಾರ ತಂದಳು. ಕೌದಿ ಹೊಲಿಯುವುದರಲ್ಲಿ ಅವಳದು ಪಳಗಿದ ಕೈ. ಹಳೆಯ ಸೀರೆಗಳನ್ನು ನೆಲಕ್ಕೆ ಪದರು ಪದರಾಗಿ ಹಾಸಿ, ಅಂಚಿನಿಂದ ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬರುತ್ತಿದ್ದಳು. ಹೊಲಿಗೆ ಜೋಳದ ಕಾಳಿನಷ್ಟು ಉದ್ದ, ಹೆಚ್ಚಿಲ್ಲ, ಕಡಿಮೆಯಿಲ್ಲ. ಒಮ್ಮೆ ಭಾನುವಾರದ ಪುರವಣಿಗೆ ನಾನು ಕೌದಿಯ ಬಗ್ಗೆ ಲೇಖನ ಬರೆದೆ. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ರೊಟ್ಟಿಯ ಚೂರು, ಬೆಲ್ಲ ಇಟ್ಟು ಕೌದಿಯ ಹೊಟ್ಟೆ ತುಂಬಿಸುವ ಪದ್ಧತಿಯನ್ನೂ ಸೇರಿಸಿದೆ. ಅವ್ವ ಕೌದಿ ಹಿಡಿದು ನಿಂತ ಫೋಟೋ ಹಾಕಿದೆ. ವಿವರಗಳನ್ನೆಲ್ಲ ಅವರಿವರಿಗೆ ಫೋನ್ ಮಾಡಿ ಸಂಗ್ರಹಿಸಿದ್ದೆ. ಮನೆಯಲ್ಲೇ ಇದ್ದ ಅವ್ವನನ್ನು ಕೇಳಿದ್ದು ಒಂದೇ: ಯಾವ ಸೀರೆ ಉಟ್ಟುಕೊಂಡರೆ ಫೋಟೋ ಚೆನ್ನಾಗಿ ಬಂದೀತು ಎಂದು.

ನನ್ನ ತಂಗಿಯನ್ನು ತಿಕೋಟಾಕ್ಕೆ ಕೊಟ್ಟಿದೆ. ಗಂಡನ ಮನೆಯವರದು ದ್ರಾಕ್ಷಿ ತೋಟ. ಅವಳ ಮೊದಲ ಕೂಸು ಹುಟ್ಟಿದ ಒಂಬತ್ತನೇ ದಿನಕ್ಕೆ ಹೋಯಿತು. ಎರಡನೆಯದು ಮೂರು ತಿಂಗಳು ಇತ್ತು. ಆ ಎರಡು ಕೂಸುಗಳಿಗೂ ಅವ್ವ ಮನೆಯ ಸೀರೆಗಳಿಂದಲೇ ಕೌದಿ ಹೊಲಿದಿದ್ದಳು. ಮೂರನೆಯ ಸಲ ತಂಗಿ ಬಸುರಿಯಾದ ಸುದ್ದಿ ಬಂದಾಗ ಅವ್ವ ಬೇರೆ ತೀರ್ಮಾನ ಮಾಡಿದಳು. ಮಕ್ಕಳನ್ನು ಕಳೆದುಕೊಂಡ ಮನೆಯವರು, ಹೆತ್ತ ಮಕ್ಕಳೆಲ್ಲ ಉಳಿದ ತಾಯಂದಿರ ಹತ್ತಿರ ಹೋಗಿ ಉಟ್ಟು ಹಳತಾದ ಬಟ್ಟೆ ಬೇಡಿ ತರಬೇಕು. ಬೇಡಿದ ಬಟ್ಟೆಯ ಮೇಲೆ ಮಲಗಿದ ಕೂಸು ಉಳಿಯುತ್ತದೆ. ಅವಳ ನಂಬಿಕೆ ಅದು. ನನಗೆ ಆ ನಂಬಿಕೆ ಇರಲಿಲ್ಲ. ಆದರೂ ಬೈಕಿನ ಮೇಲೆ ಕರೆದುಕೊಂಡು ತಿರುಗಿದೆ.

ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ಕೇಳಲೂ ಹಿಂದೆಮುಂದೆ ನೋಡುವ ಹೆಂಗಸು ನಮ್ಮ ಅವ್ವ. ಅಂಥವಳು ಒಂಬತ್ತು ಮನೆಗಳ ಮುಂದೆ ಉಡಿ ಒಡ್ಡಿ ನಿಂತಳು. ಕೊನೆಯದು ನಿಡೋಣಿಯ ಮನೆ. ಆ ಮನೆಯ ಹೆಂಗಸಿಗೂ ಅವ್ವನಿಗೂ ಒಂದು ಮದುವೆ ಸಂಬಂಧ ಮುರಿದ ವಿಷಯಕ್ಕೆ ಹನ್ನೆರಡು ವರ್ಷದಿಂದ ಮಾತು ನಿಂತಿತ್ತು. ನಾನು ಅಂಗಳದಲ್ಲಿ ಬೈಕಿನ ಹತ್ತಿರವೇ ನಿಂತಿದ್ದೆ.

"ಏನವಾ, ದಾರಿ ತಪ್ಪಿ ಬಂದ್ಯೋ ಏನ?" ಎಂದಳು ಆಕೆ, ಹೊಸ್ತಿಲು ದಾಟದೆ.

"ತಪ್ಪಿಲ್ಲ. ನಿನ್ನ ಕಡೇನ ಬಂದೇನಿ. ಒಂದ ಹಳೀ ಸೀರಿ ಕೊಡು."

"ನಮ್ಮ ಮನಿ ನೀರ ಸೈತ ಮುಟ್ಟಾಕಿ ಅಲ್ಲ ನೀ. ನಾ ಉಟ್ಟ ಸೀರಿ ಯಾಕ ಬೇಕಾತು?"

ಅವ್ವ ಸೆರಗಿನ ಉಡಿ ಮಾಡಿ ಎರಡೂ ಕೈಯಿಂದ ಮುಂದೆ ಹಿಡಿದಳು. "ನಿನ್ನ ಐದೂ ಮಕ್ಕಳು ಉಳದಾವ. ನನ್ನ ಮಗಳ ಹೊಟ್ಟ್ಯಾಗಿಂದು ಉಳೀಲಿ ಅಂತ ಬೇಡಾಕತ್ತೇನಿ."

ಆಕೆ ಒಳಗೆ ಹೋದವಳು ಎಷ್ಟೋ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಹಸಿರು ಇಳಕಲ್ ಸೀರೆ ಇತ್ತು. ತೊಳೆದು ತೊಳೆದು ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು. ಅದನ್ನು ಉಡಿಗೆ ಹಾಕಿ, ಮೇಲೊಂದು ಹಿಡಿ ಜೋಳ ಸುರಿದಳು.

"ಕೂಸಿನ್ನ ತೋರ್ಸಾಕ ಬರಬೇಕ ಮತ್ತ. ಬರಲಿಲ್ಲಂದ್ರ ನಾನ ಬಂದು ಕೌದಿ ಬಿಚ್ಚಿ ನನ್ನ ಸೀರಿ ತರ್ತೇನಿ ನೋಡು."

"ಬರ್ತೇನವಾ. ಕೌದ್ಯಾಗ ಸುತ್ತಿಕೊಂಡ ಬರ್ತೇನಿ."

ಮರಳುವಾಗ ಬಬಲೇಶ್ವರದ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯೋಣವೇ ಎಂದು ಕೇಳಿದೆ. "ಬ್ಯಾಡ. ಇವತ್ತಿಗೆ ಇಷ್ಟ ಸಾಕು" ಎಂದಳು.

ಏಳನೇ ತಿಂಗಳಲ್ಲಿ ತಿಕೋಟಾದಲ್ಲಿ ತಂಗಿಗೆ ಕುಬಸ, ಅಂದರೆ ಸೀಮಂತ, ಮಾಡಿದರು. ನಾನೂ ನನ್ನ ಹೆಂಡತಿಯೂ ಊಟ ಮುಗಿಸಿ ಅಂದೇ ಮರಳಿದೆವು. ಅವ್ವ ನಾಲ್ಕು ದಿನ ಅಲ್ಲಿಯೇ ಉಳಿದಳು. ವಾಪಸು ಬಂದ ಕೂಡಲೇ ಕೌದಿ ಹೊಲಿಯಲು ಕೂರುವವಳಿದ್ದಳು. ತಂಗಿ ಬಾಣಂತನಕ್ಕೆ ಬರುವುದಿತ್ತು. ಅವ್ವ ಇನ್ನೂ ತಿಕೋಟಾದಲ್ಲಿದ್ದ ಆ ಭಾನುವಾರ ನಾನು ತಂಗಿಗಾಗಿ ಕೋಣೆ ಖಾಲಿ ಮಾಡಲು ನಿಂತೆ. ಹೆಂಡತಿ ತವರಿಗೆ ಹೋಗಿದ್ದಳು. ಅವ್ವನ ಮಂಚದ ಕೆಳಗೆ ಬಟ್ಟೆಯ ಎರಡು ಹೊರೆ ಇದ್ದವು. ಒಂದು, ನೀಟಾಗಿ ಮಡಚಿದ ಸೀರೆಗಳ ಪ್ಲಾಸ್ಟಿಕ್ ಚೀಲ. ಇನ್ನೊಂದು, ಹರಕು ಲಂಗದಲ್ಲಿ ಕಟ್ಟಿದ ಗಂಟು. ಗಂಟು ಬಿಚ್ಚಿದೆ. ಲಂಗದ ಒಳಗೆ ಮಸಿ ಹಿಡಿದ ಧೋತರದ ತುಂಡು ಕಂಡಿತು. ಅಷ್ಟಕ್ಕೇ ನಿಲ್ಲಿಸಿ ಮತ್ತೆ ಕಟ್ಟಿ, ಎರಡನ್ನೂ ಬಾಗಿಲ ಹತ್ತಿರ ತಂದಿಟ್ಟೆ.

ಹೊರಗೆ "ಹಳೀ ಅರಿವಿಗೆ ಬಾಂಡೇ..." ಎಂದು ಕೂಗುತ್ತ ಒಬ್ಬಳು ಬರುತ್ತಿದ್ದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಪಾತ್ರೆ. ಕರೆದೆ. ಅವಳು ಗಂಟನ್ನು ಮೇಲಿನಿಂದಲೇ ಒತ್ತಿ ನೋಡಿದಳು.

"ಇದರಾಗ ಏನೂ ಇಲ್ರಿ ಅಣ್ಣಾರ. ಎಲ್ಲಾ ಜೀರ್ಣ ಆಗ್ಯಾವ. ಆ ಚೀಲದಾಗಿನ್ವು ಕೊಡ್ರಿ, ಕುಕ್ಕರ್ ಕೊಡ್ತೇನಿ."

"ಅವು ಕೊಡಾಂಗಿಲ್ಲ. ನಮ್ಮವ್ವ ಕೌದಿಗೆ ಇಟ್ಟಾಳ."

"ಇವಾ? ಇವು ಕೌದಿಗ್ಯಾ?" ಅವಳು ನಕ್ಕುಬಿಟ್ಟಳು. "ಹಂಗಾರ ಆತ್ರಿ."

ಯಾಕೆ ನಕ್ಕಳೆಂದು ನಾನು ಕೇಳಲಿಲ್ಲ. ಒಂದು ಡಬ್ಬಿ ಕೊಟ್ಟಳು. ಬಾರಿಸಿ ನೋಡಿದೆ, ದಪ್ಪ ತಗಡು ಎನಿಸಿತು. ತಿಕೋಟಾಕ್ಕೆ ಒಂದು ಫೋನ್ ಮಾಡಬಹುದಿತ್ತು. ಫೋನ್ ಅಂಗಿಯ ಜೇಬಿನಲ್ಲೇ ಇತ್ತು.

ಬುಧವಾರ ಅವ್ವ ಬಂದಳು. ಕಾಲು ತೊಳೆದು ಕೋಣೆಗೆ ಹೋಗಿ ಬಗ್ಗಿ ನೋಡಿದಳು.

"ಲೇ ಯಪ್ಪಾ, ಇಲ್ಲೊಂದ ಗಂಟಿತ್ತಲ್ಲೋ."

"ಹರಕ ಗಂಟ? ಕೊಟ್ಟೆ ಬೇ. ಅಡಿಗಿಮನ್ಯಾಗ ಡಬ್ಬಿ ನೋಡು, ಎಷ್ಟ ಗಟ್ಟಿ ಐತಿ. ನಿನ್ನ ಕೌದಿ ಅರಿವಿ ಚೀಲದಾಗ ಹಂಗ ಅದಾವ."

ಅವ್ವ ಚೀಲ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಅವು ಆಯೇರಿ ಸೀರಿ. ಮದುವ್ಯಾಗ ಬಂದಿದ್ವು, ಮದುವ್ಯಾಗ ಕೊಡಾಕ ಇಟ್ಟೇನಿ. ಯಾರ ಮೈಗೂ ಹತ್ತಿಲ್ಲ. ಅದರಾಗ ಸೂಜಿ ನಿಲ್ಲತೈತೇನೋ?" ಸ್ವಲ್ಪ ತಡೆದು ಕೇಳಿದಳು: "ನಿಡೋಣಿಯಾಕಿ ಕೊಟ್ಟ ಸೀರಿ ನಾ ಎಲ್ಲಿಟ್ಟೇನಿ ಅಂತ ತಿಳದಿದ್ದಿ ನೀ?"

ಕೌದಿಗೆ ಬೇಕಾದದ್ದು ಉಟ್ಟು, ತೊಳೆದು, ಸವೆದ ನೂಲಿನ ಬಟ್ಟೆ. ಸವೆದಷ್ಟೂ ಕೂಸಿನ ಮೈಗೆ ಮೆತ್ತಗೆ. ಬೇಡಿ ತಂದದ್ದನ್ನು ಯಾರ ಕಣ್ಣಿಗೂ ಬೀಳದಂತೆ ಎಲ್ಲಕ್ಕಿಂತ ಕೆಟ್ಟ ಚಿಂದಿಯಲ್ಲಿ ಸುತ್ತಿಡುತ್ತಾರೆ. ಇದು ಕೌದಿ ಹೊಲಿಯುವ ಪ್ರತಿ ಹೆಂಗಸಿಗೂ ಗೊತ್ತು. ಪಾತ್ರೆಯವಳಿಗೂ ಗೊತ್ತಿತ್ತು. ಕೌದಿಯ ಬಗ್ಗೆ ಅರ್ಧ ಪುಟ ಬರೆದಿದ್ದ ನನಗೆ ಗೊತ್ತಿರಲಿಲ್ಲ.

ಗಾಂಧಿ ಚೌಕಕ್ಕೆ ಓಡಿದೆ. ಪಾತ್ರೆಯವರು ಬಟ್ಟೆ ವಿಂಗಡಿಸಿ ಕಟ್ಟುವ ಒಂದು ಓಣಿ ಇದೆಯೆಂದು ಯಾರೋ ಹೇಳಿದರು. ಅಲ್ಲಿ ನನ್ನ ಪಾತ್ರೆಯವಳು ಇರಲಿಲ್ಲ. ಇದ್ದವಳೊಬ್ಬಳು ಕೈ ಬಿಡುವು ಮಾಡದೆಯೇ ಹೇಳಿದಳು: "ಐತವಾರದ್ದು ಸ್ವಾಮಾರಕ್ಕ ಲಾರಿ ಹತ್ಯಾವ್ರಿ. ಹರದಿದ್ದು ಮಷಿನ್ ಒರಸಾಕ ಹೋಗತಾವ. ಈಗ ಹುಡುಕಿದ್ರ ಸಿಗತಾವೇನ್ರಿ?"

ಮನೆಗೆ ಬಂದು, ಮತ್ತೊಮ್ಮೆ ಹೋಗಿ ಕೇಳೋಣ, ನಾನೇ ಕರೆದೊಯ್ಯುತ್ತೇನೆ ಎಂದೆ.

"ಒಮ್ಮಿ ಬೇಡಿದ ಮನಿಗೆ ಎರಡನೇ ಸಲ ಹೋದ್ರ, ಮೊದಲಿಂದ ಏನಾತು ಅಂತಾರ. ಏನ ಹೇಳ್ಲಿ? ನನ್ನ ಮಗಾ ಡಬ್ಬಿ ತಗೊಂಡಾನ ಅಂತ ಹೇಳ್ಲಾ?"

ಅಂದು ಅವ್ವ ಸೂಜಿ ದಾರವನ್ನು ಟ್ರಂಕಿನೊಳಗೆ ಇಟ್ಟಳು. ನನ್ನ ಹೆಂಡತಿಗೂ ಗಂಟಿನ ವಿಷಯ ಹೇಳಲಿಲ್ಲ. ಡಬ್ಬಿ ತೊಳೆದು ಹಿಟ್ಟು ತುಂಬಿಟ್ಟಳು.

ತಂಗಿಗೆ ವಿಜಯಪುರದಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಆಸ್ಪತ್ರೆಯಿಂದ ನಮ್ಮ ಮನೆಗೆ ಬಂದ ದಿನ ಅವಳ ಅತ್ತೆಯೂ ಇದ್ದರು. ಕೂಸನ್ನು ಅಂಗಡಿಯಿಂದ ತಂದ ಕೆಂಪು ಬ್ಲ್ಯಾಂಕೆಟ್ಟಿನಲ್ಲಿ ಸುತ್ತಿದ್ದರು. ತಂಗಿ ಮಂಚದ ಮೇಲೆ ಕೂತು, ಹಾಸಿಗೆಯ ಮೇಲೆ ಕೈ ಆಡಿಸಿ ಕೇಳಿದಳು: "ಕೌದಿ ಎಲ್ಲೈತಿ ಬೇ?"

"ಹೊಲಿಯಾಕ ಆಗಲಿಲ್ಲವಾ. ಕಣ್ಣ ಕಾಣವಲ್ಲವು."

ತಂಗಿ ಗೋಡೆಯ ಕಡೆ ನೋಡಿದಳು. ಅಲ್ಲಿ ನನ್ನ ಲೇಖನವನ್ನು ಚೌಕಟ್ಟು ಹಾಕಿಸಿ ತೂಗು ಹಾಕಿದ್ದೆ. "ಪೇಪರಿನ್ಯಾಗ ಫೋಟೋ ಹಾಕ್ಸಾಕ ಕೌದಿ ಅದಾವ. ನನ್ನ ಕೂಸಿಗೆ ಅಂದ್ರ ಕಣ್ಣ ಕಾಣಾಂಗಿಲ್ಲ. ಇದೂ ಉಳ್ಯಾಂಗಿಲ್ಲ ಅಂತ ಬಿಟ್ಟಿ ಏನ?"

"ವಯಸ್ಸಾಗೇತಿ ಬಿಡವಾ ಅವರಿಗೆ" ಎಂದರು ಅತ್ತೆ, ಸಮಾಧಾನ ಮಾಡುವವರಂತೆ. ಅವ್ವ ತಲೆಯಾಡಿಸಿದಳು. "ಹೌದ್ರಿ. ವಯಸ್ಸಾತು."

ನಾನು ಬಾಗಿಲ ಹತ್ತಿರ ಚಹಾದ ಕಪ್ಪು ಹಿಡಿದು ನಿಂತಿದ್ದೆ. ಎಲ್ಲರಿಗೂ ಕೇಳುವಷ್ಟು ದೂರದಲ್ಲಿಯೇ ಇದ್ದೆ. ಏನೂ ಹೇಳಲಿಲ್ಲ. ಗಂಟು ಕೊಟ್ಟದ್ದು ತಪ್ಪು. ಅದಕ್ಕೆ ತಿಳಿಯದೆ ಮಾಡಿದೆ ಎಂಬ ಸಬೂಬು ಇತ್ತು. ಇದಕ್ಕೆ ಇರಲಿಲ್ಲ.

ಕೂಸು ಚೆನ್ನಾಗಿ ಬೆಳೆಯಿತು. ಮೂರು ತಿಂಗಳು ದಾಟಿತು, ವರ್ಷ ತುಂಬಿತು. ಕೂಸಿನ ಮೊದಲ ಕೂದಲು, ಜಾವಳ, ತೆಗೆಸಿದ ದಿನ ನಾನು ಅವ್ವನ ಹತ್ತಿರ ಕೂತು, ಅವಳಿಗೆ ನೆಮ್ಮದಿಯಾಗಲೆಂದೇ ಹೇಳಿದೆ: "ನೋಡ ಬೇ, ಕೂಸು ಆರಾಮ ಐತಿ. ಕೌದಿ ಇಲ್ಲಂದ್ರೂ ಏನೂ ಆಗಲಿಲ್ಲ."

"ಹೌದಪಾ" ಎಂದಳು ಅವ್ವ. "ನಾ ಇಲ್ಲಂದ್ರೂ ಏನೂ ಆಗಾಂಗಿಲ್ಲ."

ಈಗ ತಂಗಿ ನಮ್ಮ ಮನೆಗೆ ಬರುವುದು ಕಡಿಮೆ. ಬಂದರೂ ಉಳಿಯುವುದಿಲ್ಲ. ಅವ್ವನಿಗೆ ಶಾಲು ತರುತ್ತಾಳೆ, ಔಷಧಿ ತರುತ್ತಾಳೆ. "ಕಣ್ಣ ತೋರಿಸ್ಕೋ" ಎನ್ನುತ್ತಾಳೆ, ಚುಚ್ಚುವ ದನಿಯಲ್ಲಿ. ಅವ್ವನ ಕಣ್ಣು ಚೆನ್ನಾಗಿದೆ. ಅಕ್ಕಿಯಲ್ಲಿನ ಹರಳು ಅವಳಷ್ಟು ಬೇಗ ನನಗೆ ಸಿಗುವುದಿಲ್ಲ. ನಿಡೋಣಿಗೆ ಅವ್ವ ಮತ್ತೆ ಹೋಗಿಲ್ಲ. ಆ ಕಡೆಯ ಮದುವೆಗಳಿಗೂ ನನ್ನನ್ನೇ ಕಳಿಸುತ್ತಾಳೆ, ಆ ಚೀಲದ ಆಯೇರಿ ಸೀರೆ ಕೊಟ್ಟು.

ಮೊನ್ನೆ ಬೆಳಿಗ್ಗೆ ಇದನ್ನು ಬರೆದು ಮುಗಿಸಿ ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಗಂಟಿನ ವಿಷಯ ಬರೆದಿದ್ದೇನೆ, ತಂಗಿಯೂ ಓದುತ್ತಾಳೆ ಎಂದೆ.

"ತಿಕೋಟಾಕ್ಕ ಬಸ್ ಇಲ್ಲೇನ?" ಎಂದಳು.

ಬಡಿಯುತ್ತಿದ್ದ ರೊಟ್ಟಿಯನ್ನು ಒಮ್ಮೆ ತಿರುಗಿಸಿದಳು.

"ಎದುರಿಗೆ ಕೂತ ಹೇಳಾಕ ಬಾಯಿಲ್ಲ. ಊರಿಗೆಲ್ಲಾ ಹೇಳಾಕ ಕೈ ಐತಿ. ಅವತ್ತ ಕೌದಿ ಮ್ಯಾಲ ಬರದಿ, ಈಗ ಇಲ್ಲದ ಕೌದಿ ಮ್ಯಾಲ ಬರದಿ. ನಿನಗೇನಪಾ, ಎರಡೂ ಛಲೋ ಬರ್ತಾವ."

ರೊಟ್ಟಿ ಹಂಚಿಗೆ ಹಾಕಿ ನೀರು ಸವರಿದಳು. ಮುಂದಿನದಕ್ಕೆ ಹಿಟ್ಟು ಸಾಲದಾಗಿತ್ತು.

"ಡಬ್ಬಿ ಮುಚ್ಚಳಾ ತಗಿ" ಎಂದಳು. "ನನ್ನ ಕೈ ಹಸಿ ಅದಾವ."

ತೆಗೆದು ಅವಳ ಮುಂದೆ ಇಟ್ಟೆ.