ಎಡಕ್ಕೆ ಬಿದ್ದ ಹೂವು

ಮೂತ್ರಪಿಂಡದ ಕ್ಯಾನ್ಸರು ನನ್ನ ಗಂಡನ ಶ್ವಾಸಕೋಶಕ್ಕೂ ಹಬ್ಬಿದೆ ಎಂದು ಗೊತ್ತಾದದ್ದು ಎಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿ. ಒಂದು ಮೂತ್ರಪಿಂಡವನ್ನು ಆಗಲೇ ತೆಗೆದಿದ್ದರು. ಹೊಸೂರಿನಿಂದ ಮದ್ರಾಸಿನ ಬಸ್ಸು ಹತ್ತಿದರೆ ಕೃಷ್ಣಗಿರಿ ಬರುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನನ್ನ ಹೆಗಲಿಗೆ ಒರಗಿಬಿಡುತ್ತಿದ್ದರು. ಭಕ್ತರು ಮುನಿಸಿಕೊಳ್ಳಬಾರದು, ಉದ್ದನಪಲ್ಲಿಯ ನಮ್ಮ ಮಾರಮ್ಮನನ್ನು ದಾರಿಯುದ್ದಕ್ಕೂ ಬೈದಿದ್ದೇನೆ.

ಆಸ್ಪತ್ರೆಯಲ್ಲಿ ಇಂಟರ್‌ಫೆರಾನ್ ಎಂಬ ಹೊಸ ಸೂಜಿಮದ್ದಿನ ಮಾತು ಬಂತು. ಮೈಯಲ್ಲಿರುವ ಶಕ್ತಿಯನ್ನೇ ಎಬ್ಬಿಸಿ ಗಡ್ಡೆಯ ಮೇಲೆ ಬಿಡುವ ಮದ್ದಂತೆ. ಡಾಕ್ಟರು ತಮಿಳಿನಲ್ಲಿ, "ಸಿಲ ಪೇರುಕ್ಕು ಕೇಕ್ಕುಂ, ಸಿಲ ಪೇರುಕ್ಕು ಕೇಕ್ಕಾದು" ಎಂದರು. ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಹಿಡಿಯುವುದಿಲ್ಲ ಎಂದು ಅದರ ಅರ್ಥ. ಯಾರಿಗೆ ಹಿಡಿಯುತ್ತದೆಂದು ಮೊದಲೇ ಹೇಳುವ ರಕ್ತಪರೀಕ್ಷೆ ಎಲ್ಲೂ ಇಲ್ಲವಂತೆ. ಚಳಿಜ್ವರ ಮಾತ್ರ ಎಲ್ಲರಿಗೂ ಗ್ಯಾರಂಟಿ.

ಜೊತೆಗೆ ಬಂದಿದ್ದ ನಮ್ಮತ್ತೆಗೆ ಆ ತಮಿಳಿನ 'ಕೇಕ್ಕುಂ'ನಲ್ಲಿ ನಮ್ಮ 'ಕೇಳು' ಎಂಬುದೊಂದೇ ಕಿವಿಗೆ ಬಿತ್ತು.

"ಕೇಳ್ಬೇಕಂತೆ ಕಣಮ್ಮ, ಡಾಕ್ಟ್ರೇ ಹೇಳವ್ರೆ. ಅಮ್ಮನ್ನ ಹೂ ಕೇಳ್ದೆ ಸೂಜಿ ಹಾಕ್ಸ್ಬ್ಯಾಡ" ಎಂದು ಊರಿಗೆ ಓಡಿದರು. ವಿಗ್ರಹಕ್ಕೆ ಅಂಟಿಸಿದ ಹೂವು ಬಲಕ್ಕೆ ಬಿದ್ದರೆ ಅಮ್ಮ ಒಪ್ಪಿದಳೆಂದು, ಎಡಕ್ಕೆ ಬಿದ್ದರೆ ಬೇಡವೆಂದಳೆಂದು ನಮ್ಮ ಲೆಕ್ಕ. ಎಡಕ್ಕೆ ಬಿತ್ತು.

"ಮನೇಗೆ ಕರ್ಕೊಂಬಂದ್ಬುಡು, ಕಣ್ಮುಂದೆ ಇರ್ಲಿ" ಎಂದು ಅತ್ತೆ ಆಸ್ಪತ್ರೆಗೆ ಹಿಂತಿರುಗಿ ಬಂದು ಅತ್ತರು.

"ಸಾಯೋದ್ನ ನೋಡ್ಕಂಡು ಸುಮ್ಕೆ ಕೂತ್ಕಬೇಕಾ? ನೀವು ಕೂತ್ಕಳಿ, ನನ್ ಕೈಲಾಗಲ್ಲ" ಎಂದು ಸೂಜಿ ಹಾಕಿಸಿಯೇಬಿಟ್ಟೆ.

ಪಕ್ಕದ ಮಂಚದಲ್ಲಿ ರಾಯಕೋಟೆ ಕಡೆಯವರೊಬ್ಬರಿದ್ದರು. ಅದೇ ಕಾಯಿಲೆ, ಅದೇ ಸೂಜಿ. ಅವರ ಹೆಂಡತಿ ಮುನಿರತ್ನ ನಮ್ಮ ಮಾರಮ್ಮನ ಹತ್ತಿರವೇ ಹೂ ಕೇಳಿ ಬಂದಿದ್ದಳು. ಅವಳಿಗೆ ಬಲಕ್ಕೆ ಬಿದ್ದಿತ್ತು. ಗಂಡ ಜ್ವರದಲ್ಲಿ ನಡುಗುತ್ತಿದ್ದರೂ ಅವಳ ಮುಖದಲ್ಲಿ ಗೆಲುವಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ದೀಪಾವಳಿಯ ಹೊತ್ತಿಗೆ ಎಕ್ಸ್‌ರೇಯಲ್ಲಿ ನನ್ನ ಗಂಡನ ಗಡ್ಡೆಗಳು ಕರಗಿಹೋಗಿದ್ದವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದರು. ಯಾಕೆ ಕರಗಿತೆಂದು ಅವರಿಗೂ ತಿಳಿಯಲಿಲ್ಲ. ಮುನಿರತ್ನಳ ಗಂಡನ ಗಡ್ಡೆಗಳು ಬೆಳೆದಿದ್ದವು. ಆ ವಾರವೇ ಅವರು ತೀರಿಕೊಂಡರು.

ಹೆಣ ಸಾಗಿಸುವ ವ್ಯಾನು ಬರುವ ಮುಂಚೆ ಅವಳು ನನ್ನ ಕೈ ಹಿಡಿದುಕೊಂಡಳು. "ನಾನೇನ್ ಕಮ್ಮಿ ಮಾಡ್ದೆ ಅಕ್ಕಾ? ಬಲಕ್ಕೆ ಕೊಟ್ಟು ಯಾಕಂಗ್ ಮಾಡುದ್ಲು?" ಕೈ ಬಿಡಿಸಿಕೊಂಡು ನನ್ನ ಗಂಡನ ಗಂಜಿಯ ನೆಪದಲ್ಲಿ ಒಳಗೆ ಹೋದೆ.

ಅಮ್ಮನಿಗೆ ಕೋಟಿ ಶರಣು. ನನ್ನ ಗಂಡ ಇವತ್ತು ರಾಗಿ ಹೊಲದಲ್ಲಿದ್ದಾರೆ, ಎಡಕ್ಕೆ ಹೂ ಕೊಟ್ಟೂ ಉಳಿಸಿದ ಅವಳ ಕೃಪೆ ಅದು. ನನ್ನ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ. ಅದೇ ನನ್ನ ಸಂಕಟ ಕೂಡ. ಕೈಲಾಗದ ದೇವರಾಗಿದ್ದರೆ ಮುನಿರತ್ನಳ ವಿಷಯದಲ್ಲಿ ಅಮ್ಮನನ್ನು ಕ್ಷಮಿಸಿಬಿಡುತ್ತಿದ್ದೆ.