ನಾನು ಕಣ್ಣು ಮುಚ್ಚಿಕೊಂಡಿರಲಿಲ್ಲ

ಗಾಯತ್ರಿ, ಅಂದು ನಿನ್ನ ಅಣ್ಣನ ಮುಂದೆ ನಾನು ಹೇಳಿದ್ದು ಸುಳ್ಳು. ಹನ್ನೊಂದು ವರ್ಷಗಳಾದವು. ಇಷ್ಟು ತಡವಾಗಿ ಹೇಳಿದರೆ ನಿನಗೆ ಏನು ಸಿಗುತ್ತದೆ — ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಯಲ್ಲಾಪುರದಲ್ಲಿ ನಿನ್ನ ಅಣ್ಣನ ವಿಡಿಯೋ ಕ್ಯಾಸೆಟ್ ಅಂಗಡಿ. ನಾವಿಬ್ಬರು ಗೆಳತಿಯರೂ ಆಗ ಪಿಯುಸಿ. ಮಧ್ಯಾಹ್ನ ಅವನು ಊಟಕ್ಕೆ ಹೋದರೆ ಅಂಗಡಿ ನಿನ್ನದು. ವಾಪಸ್ ಬಂದ ಕ್ಯಾಸೆಟ್‌ಗಳನ್ನು ಮೊದಲಿನವರೆಗೆ ಹಿಂದಕ್ಕೆ ಸುತ್ತಿಡುವುದು, ತುಂಡಾದ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವುದು — ಅವನಿಗಿಂತ ನಿನಗೇ ಚೆನ್ನಾಗಿ ಬರುತ್ತಿತ್ತು. ಮುಂದೆ ಶಿರಸಿಯಲ್ಲಿ ನಿನ್ನದೇ ಒಂದು ಅಂಗಡಿ ಹಾಕಬೇಕು ಎನ್ನುತ್ತಿದ್ದೆ ನೀನು. ಅಣ್ಣನೂ ಒಪ್ಪಿದ್ದ.

ಹುಬ್ಬಳ್ಳಿಯಿಂದ ತಂದ ಕಟ್ಟಿನಲ್ಲಿ ಒಂದು ಹಳೆಯ ವಿದೇಶಿ ದೆವ್ವದ ಸಿನಿಮಾ ಬಂದಿತ್ತು. ಕಪ್ಪು ಬಿಳುಪು, ಅರ್ಥವಾಗದ ಭಾಷೆ, ಯಾರೂ ಬಾಡಿಗೆಗೆ ಒಯ್ಯಲಿಲ್ಲ. ನಾವು ನೋಡಿದೆವು. ರಕ್ತ ಹೀರುವ ಹೆಂಗಸು ಒಬ್ಬ ಹುಡುಗಿಯ ಹಿಂದೆ ನಿಂತು ತಲೆ ಬಾಚುತ್ತಾಳೆ. ಬಾಚುತ್ತ ಬಾಚುತ್ತ ಕೂದಲು ಸರಿಸಿ ಕತ್ತಿನತ್ತ ಬಾಗುತ್ತಾಳೆ. ಕೊನೆಗೆ ಊರಿನವರೆಲ್ಲ ಸೇರಿ ಆ ಹೆಂಗಸನ್ನು ಸುಡುತ್ತಾರೆ.

“ಪಾಪ, ಅದಕ್ಕೆ ಎಂತ ಬೇಕು ಹೇಳಿ ಒಬ್ರೂ ಕೇಳಿದ್ವಿಲ್ಲೆ ನೋಡು,” ಅಂದೆ ನೀನು. “ಸೀದಾ ಬೆಂಕಿ!”

“ಕಚ್ಚಲೆ ಬಂದದ್ದಕ್ಕೆ ಚಾ ಮಾಡಿ ಕೊಡವಾಗಿತ್ತನೇ?” ಅಂದೆ ನಾನು.

ನಕ್ಕೆವು. ಆಮೇಲೆ ನಾನೇ ಹೇಳಿದೆ — “ಇನ್ನೊಂದ್ಸಲ ಹಾಕು.” ಆ ತಲೆ ಬಾಚುವ ದೃಶ್ಯ. ಮರುದಿನವೂ, ಅದರ ಮರುದಿನವೂ. ನೀನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಪರದೆಯ ಮೇಲೆ ಚಿತ್ರ ನಡುಗುತ್ತಿತ್ತು. ನಿನ್ನ ಗದ್ದ ನನ್ನ ಹೆಗಲ ಮೇಲಿತ್ತು. ನಾನು ಸರಿಯಲಿಲ್ಲ.

ಒಂದೇ ಕಡೆ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಟೇಪು ಸವೆದು ಬಿಳಿ ಗೆರೆ ಬೀಳುತ್ತದೆ. ಅದು ನಮಗೆ ಗೊತ್ತಿತ್ತು, ಆದರೂ ಮರೆತೆವು. ಕ್ಯಾಸೆಟ್ ಒಯ್ದ ಲಾರಿಯವರು ಯಾವ ಹಾಡಿನಲ್ಲಿ ನಿಲ್ಲಿಸಿ ನೋಡಿದ್ದಾರೆಂದು ಗೆರೆ ನೋಡಿಯೇ ಹೇಳಿ ನಗುತ್ತಿದ್ದ ನಿನ್ನ ಅಣ್ಣ. ಯಾರೂ ಒಯ್ಯದ ಕ್ಯಾಸೆಟ್ಟಿನಲ್ಲಿ ಗೆರೆ ಕಂಡ ದಿನ ಅವನು ನಗಲಿಲ್ಲ. ಆ ದೃಶ್ಯ ಹಾಕಿ, ನಮ್ಮಿಬ್ಬರನ್ನೂ ಎದುರು ನಿಲ್ಲಿಸಿ ಕೇಳಿದ:

“ಎಂತ ಇದ್ದು ಇದ್ರಲ್ಲಿ? ಯಾರು ಇಷ್ಟು ಸಲ ನೋಡಿದ್ದು?”

ನೀನು ನನ್ನತ್ತ ನೋಡಿದೆ. ನಾನು ಹೇಳಿದೆ: “ಗಾಯತ್ರಿನೇ ಹಾಕಿದ್ದು. ಆನು ಕಣ್ಣು ಮುಚ್ಕಂಡಿದ್ದಿ.”

ನೀನು ಅಲ್ಲವೆನ್ನಲಿಲ್ಲ. ಅಂಗಡಿಯ ಕೀಲಿಯನ್ನು ಅವನು ನಿನ್ನ ಕೈಯಿಂದ ತೆಗೆದುಕೊಂಡ. ಆ ವಾರವೇ ನಿನ್ನನ್ನು ಬಿಳಗಿಯ ಚಿಕ್ಕಮ್ಮನ ಮನೆಗೆ ಕಳಿಸಿದರು. ಶಿರಸಿಯ ಅಂಗಡಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ ಎಂದು ಆಮೇಲೆ ಕೇಳಿದೆ. ನಾನು ಒಂದು ಕಾಗದವನ್ನೂ ಬರೆಯಲಿಲ್ಲ.

ಧಾರವಾಡದಲ್ಲಿ ಎಂ.ಎ. ಓದುವಾಗ ಅದೇ ಸಿನಿಮಾ ಸಿ.ಡಿ.ಯಲ್ಲಿ ಸಿಕ್ಕಿತು. ಹೆಣ್ಣನ್ನು ಬಯಸುವ ಹೆಣ್ಣು ಇಂಥ ಚಿತ್ರಗಳಲ್ಲಿ ಯಾಕೆ ದೆವ್ವವಾಗಿಯೇ ಬರಬೇಕು — ಅದರ ಮೇಲೆ ಪ್ರಬಂಧ ಬರೆದು ತರಗತಿಯಲ್ಲಿ ಓದಿದೆ. ‘ಅವಳಿಗೆ ಏನು ಬೇಕೆಂದು ಯಾರೂ ಕೇಳುವುದಿಲ್ಲ’ ಎಂಬ ಸಾಲನ್ನು ಮೇಷ್ಟ್ರು ಮೆಚ್ಚಿ, ಇದು ಹೇಗೆ ಹೊಳೆಯಿತು ಎಂದರು. ಹೀಗೇ ಹೊಳೆಯಿತು ಸರ್, ಅಂದೆ. ನಿನ್ನ ಹೆಸರು ಆಗಲೂ ಬಾಯಿಗೆ ಬರಲಿಲ್ಲ.

ಸಿ.ಡಿ.ಯಲ್ಲಿ ಎಷ್ಟು ಸಲ ನಿಲ್ಲಿಸಿದರೂ ಗೆರೆ ಬೀಳುವುದಿಲ್ಲ. ಹಾಗೆ ನಿಲ್ಲಿಸಿ ನೋಡುವಾಗಲೇ ಕಂಡದ್ದು — ತಲೆ ಬಾಚಿಸಿಕೊಂಡ ಹುಡುಗಿ ಕೊನೆಯಲ್ಲಿ ಊರಿನವರ ನಡುವೆ ನಿಂತಿದ್ದಾಳೆ. ಕೈಯಲ್ಲಿ ಪಂಜು. ಅಂದು ನಾವಿಬ್ಬರೂ ಗಮನಿಸಿರಲಿಲ್ಲ. ಪ್ರಬಂಧದಲ್ಲಿ ಅವಳ ಬಗ್ಗೆ ನಾನು ಒಂದಕ್ಷರ ಬರೆಯಲಿಲ್ಲ.

ನಿನ್ನ ಅಣ್ಣ ಈಗಲೂ ಅದೇ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಮಾಡಿಕೊಡುತ್ತ ಕೂರುತ್ತಾನಂತೆ. ಶನಿವಾರ ಹೋಗುತ್ತೇನೆ. ನಿನ್ನ ಬಗ್ಗೆ ಏನೂ ಹೇಳುವುದಿಲ್ಲ, ಅದನ್ನು ಹೇಳುವುದು ಬಿಡುವುದು ನಿನ್ನದು. ನಾನು ಅವನಿಗೆ ಹೇಳುವುದು ಇಷ್ಟೇ —

“ಇನ್ನೊಂದ್ಸಲ ಹಾಕು ಹೇಳಿದ್ದು ಆನು. ಕಣ್ಣು ಮುಚ್ಕಂಡಿದ್ನಿಲ್ಲೆ.”